ಕಮಿಷನ್ ಕೇಳದ ಮಾರ್ಗದರ್ಶಿ

ರಾಜಸ್ಥಾನದ ಜೋಧಪುರ ನಗರಕ್ಕಿಂತ ಸುಮಾರು 400 ಅಡಿ ಎತ್ತರದ ಬಂಡೆಯ ಮೇಲೆ ನಿಂತಿರುವ ಮೆಹರಾನ್‌ಗಢ ಕೋಟೆಗೆ 1459ರಲ್ಲಿ ರಾವ್ ಜೋಧಾ ಅಡಿಗಲ್ಲು ಹಾಕಿದನು. ಕರ್ನಾಟಕದ ಪೇಟೆಬೀದಿಗಳಲ್ಲಿ ತಲೆಮಾರುಗಳಿಂದ ಅಂಗಡಿ ನಡೆಸುತ್ತಿರುವ ಅನೇಕ ಮಾರವಾಡಿ ಕುಟುಂಬಗಳ ಮೂಲ ಸೀಮೆಗೆ ಇದೇ ರಾಜಧಾನಿಯಾಗಿತ್ತು. ಮದುವೆಗೋ ಮಾಲು ಖರೀದಿಗೋ ಅಲ್ಲಿಗೆ ತೆರಳುವ ವರ್ತಕರು ಅರ್ಧ ದಿನ ಬಿಡುವು ಮಾಡಿಕೊಂಡು ಕೋಟೆ ನೋಡಿ ಬರುವುದುಂಟು. ಅವರು ಅಲ್ಲಿ ದೊರೆಯುವ ಧ್ವನಿ ಮಾರ್ಗದರ್ಶಿಯನ್ನು, ಅಂದರೆ ಆಡಿಯೋ ಗೈಡನ್ನು, ವ್ಯಾಪಾರದ ದೃಷ್ಟಿಯಿಂದಲೂ ಗಮನಿಸುವುದು ಒಳಿತು.

ಉಪಕರಣ ಸರಳವಾದುದು. ಗುರುತಿನ ಚೀಟಿಯನ್ನು ಒತ್ತೆಯಿಟ್ಟು ಅದನ್ನು ಪಡೆದು, ಗೋಡೆಯ ಮೇಲೆ ಕಾಣುವ ಸಂಖ್ಯೆಯನ್ನು ಒತ್ತಿದರೆ ಆ ಸ್ಥಳದ ವಿವರ ಕಿವಿಗೆ ಬೀಳುತ್ತದೆ. ಲೋಹಾ ಪೋಲ್ ಎಂಬ ಬಾಗಿಲಿನ ಪಕ್ಕದಲ್ಲಿ ಅಂಗೈ ಗುರುತುಗಳ ಸಾಲೊಂದಿದೆ. ಅವಸರದ ಪ್ರವಾಸಿಗನು ಅದನ್ನು ಅಲಂಕಾರವೆಂದು ಭಾವಿಸಿ ಮುಂದೆ ಸಾಗುತ್ತಾನೆ. 1843ರಲ್ಲಿ ಮಹಾರಾಜ ಮಾನಸಿಂಹನ ಚಿತೆಯೇರಿದ ರಾಣಿಯರ ಕೈಗಳವು ಎಂದು ತಿಳಿದವನು ನಿಲ್ಲುತ್ತಾನೆ. ಆ ಕೈಗಳು ಎಷ್ಟು ಚಿಕ್ಕವೆಂಬುದು ಆಗ ಕಣ್ಣಿಗೆ ಬೀಳುತ್ತದೆ. ಹಿಂದಿನಿಂದ ಅವಸರಪಡಿಸುವವರು ಯಾರೂ ಇರುವುದಿಲ್ಲ. ಬೇಕೆನಿಸಿದರೆ ಮತ್ತೊಮ್ಮೆ ಕೇಳಬಹುದು, ಬೇಡವಾದರೆ ನಿಲ್ಲಿಸಬಹುದು.

ವರ್ತಕರಿಗೆ ಮುಖ್ಯವಾದ ಸಂಗತಿ ಬೇರೆ. ಈ ಮಾರ್ಗದರ್ಶಿಗೆ ಪರಿಚಯದ ಅಂಗಡಿಯಿಲ್ಲ. ಪ್ರವಾಸಿ ಸ್ಥಳಗಳಲ್ಲಿ ಗಿರಾಕಿಯನ್ನು ಕರೆತಂದವನಿಗೆ ಅಂಗಡಿಯವನು ಕಮಿಷನ್ ಕೊಡುವ ರೂಢಿ ಯಾರಿಗೂ ಗುಟ್ಟಲ್ಲ. ಆ ಹಣ ಕಡೆಗೆ ಸೇರುವುದು ಸೀರೆಯ, ಶಾಲಿನ, ಕಲ್ಲಿನ ಬೊಂಬೆಯ ಬೆಲೆಗೇ. ಲೆಕ್ಕಪುಸ್ತಕದಲ್ಲಿ ಅದಕ್ಕೆ ವೋಚರ್ ಕಾಣುವುದು ಅಪರೂಪ. ಕಮಿಷನ್ ಕೊಡದೆ ನ್ಯಾಯವಾದ ಬೆಲೆಗೆ ಮಾರುವ ಅಂಗಡಿ ಗಿರಾಕಿಯಿಲ್ಲದೆ ಕುಳಿತಿರುತ್ತದೆ. ಈ ಪದ್ಧತಿಯನ್ನು ಗಟ್ಟಿಯಾಗಿ ದೂರುವವರೂ ವರ್ತಕರೇ, ಅದನ್ನು ಸಾಕುತ್ತಿರುವವರೂ ಅವರೇ. ಯಂತ್ರದೊಡನೆ ಬಂದ ಪ್ರವಾಸಿಗನಾದರೋ ಕೋಟೆಯಿಂದ ಇಳಿದ ಮೇಲೆ ತನಗಿಷ್ಟವಾದ ಅಂಗಡಿಯ ಮೆಟ್ಟಿಲೇರುತ್ತಾನೆ.

ಖರ್ಚಿನ ಸ್ವರೂಪವೂ ವಿಚಾರಯೋಗ್ಯ. ಸಂಶೋಧನೆ, ಬರಹ, ಧ್ವನಿಮುದ್ರಣ, ಇವೆಲ್ಲ ಬಹುಮಟ್ಟಿಗೆ ಒಂದೇ ಬಾರಿಯ ವೆಚ್ಚ. ಆನಂತರ ಹತ್ತು ಜನ ಕೇಳಿದರೂ ಹತ್ತು ಸಾವಿರ ಜನ ಕೇಳಿದರೂ ಬರಹದ ವೆಚ್ಚ ಏರುವುದಿಲ್ಲ. ಬ್ಯಾಟರಿ, ಕಳೆದುಹೋದ ಉಪಕರಣ, ಹಲವರ ಕಿವಿ ಸೇರಿದ ಇಯರ್‌ಫೋನಿನ ಸ್ವಚ್ಛತೆ (ಇದನ್ನು ಲಘುವಾಗಿ ಎಣಿಸಬಾರದು), ಇಷ್ಟೇ ಚಾಲ್ತಿ ಖರ್ಚು. ಪ್ರವಾಸಿಗನ ಮೊಬೈಲಿನಲ್ಲೇ ಧ್ವನಿ ಕೇಳಿಸುವ ವ್ಯವಸ್ಥೆಯಲ್ಲಿ ಅದೂ ಬಹುಪಾಲು ಉಳಿಯುತ್ತದೆ. ಆದುದರಿಂದ ಉಳಿತಾಯ ಮಾಡಬಾರದ ಬಾಬು ಬರಹವೊಂದೇ. ರಾಜರ ವಂಶಾವಳಿಯನ್ನು ಒಪ್ಪಿಸುವ ಧ್ವನಿಯನ್ನು ಯಾರೂ ಕಡೆಯವರೆಗೆ ಕೇಳುವುದಿಲ್ಲ.

2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಬೇಲೂರಿನ ಉದಾಹರಣೆ ನೋಡಬಹುದು. ಚನ್ನಕೇಶವ ದೇವಾಲಯದ ಕೆಲವು ವಿಗ್ರಹಗಳ ಕೆಳಗೆ ಅವುಗಳನ್ನು ಕಡೆದ ಶಿಲ್ಪಿಗಳ ಹೆಸರಿವೆ. ಬಳ್ಳಿಗಾವೆಯ ದಾಸೋಜ ಅವರಲ್ಲೊಬ್ಬ. ತಯಾರಕನು ತನ್ನ ಮಾಲಿನ ಮೇಲೆ ಊರಿನ ಸಮೇತ ಹೆಸರು ಹಾಕಿದ ಈ 12ನೆಯ ಶತಮಾನದ ನಿದರ್ಶನವನ್ನು ಪೀಣ್ಯದ ಸಣ್ಣ ಉದ್ಯಮಿಯೊಬ್ಬ ಕನ್ನಡದಲ್ಲಿ, ಆ ಅಕ್ಷರಗಳ ಎದುರಿನಲ್ಲೇ ನಿಂತು ಕೇಳುವಂತಾಗಬೇಕು. ಇಂಥ ಬರಹಕ್ಕೆ ತಗಲುವ ಒಂದು ಬಾರಿಯ ವೆಚ್ಚವನ್ನು ಸ್ಥಳೀಯ ವರ್ತಕ ಸಂಘಗಳು ಹಂಚಿಕೊಂಡರೆ ತಪ್ಪೇನಿಲ್ಲ. ಪ್ರವಾಸಿಗನು ಊರಿನಲ್ಲಿ ಎರಡು ಗಂಟೆ ಹೆಚ್ಚು ನಿಂತರೆ ಊಟವೂ ಅಲ್ಲೇ, ಖರೀದಿಯೂ ಅಲ್ಲೇ.

ಹಾಗೆಂದು ಬಾಗಿಲಲ್ಲಿ ಕಾದಿರುವ ಮಾರ್ಗದರ್ಶಿಯ ಅನ್ನ ಕಸಿಯುವುದು ಯಾರ ಉದ್ದೇಶವೂ ಆಗಬಾರದು. ಯಂತ್ರಕ್ಕೆ ಪ್ರಶ್ನೆ ಕೇಳಲಾಗದು. ವಯಸ್ಸಾದ ತಾಯಿಯನ್ನು ಕೈಹಿಡಿದು ಮೆಟ್ಟಿಲೇರಿಸಲು ಅದಕ್ಕೆ ಬರುವುದಿಲ್ಲ. ಅವನ ದಿನಗೂಲಿ ಕಮಿಷನ್ನನ್ನು ನಂಬಿರುವುದೇ ಇಲ್ಲಿನ ತೊಡಕು. ಪ್ರವೇಶದ್ವಾರದಲ್ಲಿ ಮಾರ್ಗದರ್ಶಿಯ ಶುಲ್ಕವನ್ನು ಕನ್ನಡದಲ್ಲೂ ಬರೆದ ಫಲಕ, ಟಿಕೆಟ್ ಕಿಟಕಿಯಲ್ಲೇ ಆ ಶುಲ್ಕ ಪಡೆದು ಕೊಡುವ ರಶೀದಿ, ಇವೆರಡನ್ನು ವರ್ತಕ ಸಂಘಗಳು ಕೇಳಬಹುದು. ಜೊತೆಗೆ ಸಂಘದ ಸದಸ್ಯರ ಅಂಗಡಿಗಳಲ್ಲಿ ಕಮಿಷನ್ ಕೊಡಲಾಗುವುದಿಲ್ಲವೆಂಬ ಬೋರ್ಡನ್ನೂ ಹಾಕಬೇಕಾಗುತ್ತದೆ.