ಗಲಾಟೆ ಅಂದ್ರೆ ಯಾರ ಸದ್ದು?



ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ‘ಗಲಾಟೆ’ ಅನ್ನೋ ಮಾತನ್ನು ನಾವು ದಿನಾ ಕೇಳುತ್ತೇವೆ. ಸದ್ದು, ಗದ್ದಲ, ಜಗಳ, ಹೊಡೆದಾಟ ಎಲ್ಲಕ್ಕೂ ಅದೊಂದೇ ಮಾತು. ಆದರೆ ಒಂದಿಷ್ಟು ಕಿವಿಗೊಟ್ಟು ಕೇಳಿ. ಮಾಗಡಿ ರಂಗನ ತೇರಿನಲ್ಲಿ ಸಾವಿರಾರು ಜನ ಕೂಗಿದರೆ ಅದು ಜಾತ್ರೆ. ಚುನಾವಣೆ ಗೆದ್ದವರು ಬೀದಿ ತುಂಬ ಪಟಾಕಿ ಹೊಡೆದರೆ ವಿಜಯೋತ್ಸವ. ನಾವು ನಾಲ್ಕು ಜನ ಹಾಸ್ಟೆಲ್ ಹುಡುಗರು ಹೋಗಿ ‘ಸಾರು ನೀರಾಗಿದೆ ಸಾರ್’ ಅಂದರೆ ಗಲಾಟೆ! ಕೇರಿಯವರು ಹೆಣ ಹೂಳೋಕೆ ಜಾಗ ಕೇಳಿದರೆ ಅದೂ ಗಲಾಟೆ! ಸದ್ದು ಎಷ್ಟು ಅನ್ನೋದನ್ನ ಈ ಪದ ಕೇಳೋದಿಲ್ಲ, ಸದ್ದು ಮಾಡಿದೋರು ಯಾರು ಅಂತ ಕೇಳುತ್ತೆ.

1973ರ ನವೆಂಬರ್ ನೆನೆಯಿರಿ. ತಲೆ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನ ಸಭೆಯಲ್ಲಿ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ಒಪ್ಪದವರು ಎದುರು ಬರೆಯಬಹುದಿತ್ತು. ಆದದ್ದೇನು? ಊರೂರಲ್ಲಿ ವಿದ್ಯಾರ್ಥಿಗಳು ಅವರ ವಿರುದ್ಧ ಬೀದಿಗಿಳಿದರು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಯಾಯಿತು. ಬಸವಲಿಂಗಪ್ಪನವರು ಮಂತ್ರಿ ಪದವಿ ಬಿಡಬೇಕಾಯಿತು. ಇದಕ್ಕೆ ಇವತ್ತಿಗೂ ಇರುವ ಹೆಸರು ‘ಬೂಸಾ ಗಲಾಟೆ’. ಹೊಡೆದವರ ಗುರುತು ಆ ಹೆಸರಲ್ಲಿ ಎಲ್ಲಿದೆ? ದಲಿತ ಮಂತ್ರಿ ಆಡಿದ ಒಂದು ಪದ ಮಾತ್ರ ಉಳಿದಿದೆ, ಗಲಾಟೆ ಮಾಡಿದ್ದು ಅವರೇ ಅನ್ನೋ ಹಾಗೆ!

ಗಲಾಟೆ ಅಂತ ಹೆಸರಿಟ್ಟ ಮೇಲೆ ‘ಕೇಸು ಹಾಕಿಸ್ತೀವಿ’ ಅನ್ನೋ ಬೆದರಿಕೆ ಬರುತ್ತೆ. ಹೆದರಬೇಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ದೊಂಬಿ ಅನ್ನಬೇಕಾದರೆ ಐದು ಅಥವಾ ಹೆಚ್ಚು ಜನರ ಕಾನೂನುಬಾಹಿರ ಕೂಟ ಇರಬೇಕು, ಬಲಪ್ರಯೋಗವೋ ಹಿಂಸೆಯೋ ನಡೆದಿರಬೇಕು. ಅರ್ಜಿ ಹಿಡಿದು ನಿಂತು ಊಟದ ಲೆಕ್ಕ ಕೇಳೋದು ದೊಂಬಿ ಆಗೋದಿಲ್ಲ.

ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ಹುಟ್ಟಿದ ಸಿದ್ಧಲಿಂಗಯ್ಯನವರು ಬೂಸಾ ಪ್ರಕರಣದ ಹೊತ್ತಿಗೆ ನಮ್ಮ ಹಾಗೇ ವಿದ್ಯಾರ್ಥಿ. ಅವರು ಬಸವಲಿಂಗಪ್ಪನವರ ಪರ ನಿಂತರು. 1975ರಲ್ಲಿ ತಮ್ಮ ಮೊದಲ ಕವನ ಸಂಕಲನಕ್ಕೆ ‘ಹೊಲೆಮಾದಿಗರ ಹಾಡು’ ಅಂತ ಹೆಸರಿಟ್ಟರು. ಊರವರು ಬೈಗುಳ ಮಾಡಿಕೊಂಡಿದ್ದ ಪದಗಳು ಪುಸ್ತಕದ ಮುಖಪುಟಕ್ಕೆ ಏರಿದವು.

ಹೆಸರಿಡುವ ಹಕ್ಕು ನಮಗೂ ಇದೆ. ನಾಳೆ ಯಾರಾದರೂ ‘ಗಲಾಟೆ ಮಾಡಬೇಡ್ರೋ’ ಅಂದರೆ ದನಿ ಇಳಿಸಬೇಡಿ, ಕೈಯನ್ನೂ ಎತ್ತಬೇಡಿ. ಕೇಳಬೇಕಾದ್ದನ್ನು ಬರೆದು, ತಾರೀಖು ಹಾಕಿ, ಎಲ್ಲರೂ ಸಹಿ ಮಾಡಿ ಕೊಡಿ. ಮೇಲೆ ದಪ್ಪಕ್ಷರದಲ್ಲಿ ‘ಹಕ್ಕೊತ್ತಾಯ’ ಅಂತ ಬರೆಯಿರಿ.