ಟವರ್ ಬಂತು, ಚಾನೆಲ್ ಹೋಯ್ತು: ಮನೆ ಮೇಲಿನ ಡಿಶ್‌ಗೆ ದಿಕ್ಕು ಯಾರು?

ತೀರ್ಥಹಳ್ಳಿ ಕಡೆ ಇರುವ ನಮ್ಮ ಸೋದರಮಾವನ ಮನೆ ಹಿಂದಿನ ಗುಡ್ಡಕ್ಕೆ ಕಳೆದ ವರ್ಷ ಮೊಬೈಲ್ ಟವರ್ ಬಂತು. ಅದಕ್ಕಾಗಿ ಊರಿನವರು ಅರ್ಜಿ ಕೊಟ್ಟು ಕೊಟ್ಟು ಸುಸ್ತಾಗಿದ್ದರು. ‘ನೆಟ್‌ವರ್ಕ್ ಇಲ್ಲದಿದ್ರೆ ವೋಟೂ ಇಲ್ಲ’ ಅಂತ ಬೋರ್ಡ್ ಹಾಕಿದ ಊರುಗಳಿರುವ ಮಲೆನಾಡಿನಲ್ಲಿ ಟವರ್ ಬರೋದು ಸಣ್ಣ ಸುದ್ದಿಯಲ್ಲ. ತಿಂಗಳೊಳಗೆ ಮಾವ ಫೋನ್ ಮಾಡಿದರು. “ನೀನು ಇಂಜಿನಿಯರಿಂಗ್ ಓದಿದ್ದು ಒಂದ್ಸಲ ಆದ್ರೂ ಉಪಯೋಗಕ್ಕೆ ಬರ್ಲಿ ಮಾರಾಯ. ಮಳೆ ಇಲ್ಲ, ಗಾಳಿ ಇಲ್ಲ. ಸಂಜೆ ಆದ್ರೆ ಟಿವೀಲಿ ನಾಲ್ಕೈದು ಚಾನೆಲ್ ಮಾತ್ರ ಚೌಕ ಚೌಕ ಒಡೀತದೆ. ಉಳಿದದ್ದೆಲ್ಲ ಸರಿ ಉಂಟು.”

ಅಷ್ಟರಲ್ಲಾಗಲೇ ಅವರು ಎರಡು ಸೆಟ್‌ಟಾಪ್ ಬಾಕ್ಸ್ ಬದಲಾಯಿಸಿದ್ದರು. ರಿಪೇರಿಗೆ ಬಂದ ಹುಡುಗ ಪ್ರತಿಸಲ ಡಿಶ್ ತಿರುಗಿಸಿ, ದುಡ್ಡು ತಗೊಂಡು ಹೋಗಿದ್ದ. ಮಾವನ ಮನೆಯದ್ದು ಫ್ರೀ ಡಿಶ್.

ಈ ಕಥೆ ಒಂದು ಮನೆಯದ್ದಾಗಿದ್ದರೆ ಇಲ್ಲಿ ಬರೆಯೋ ಅಗತ್ಯ ಇರಲಿಲ್ಲ. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಹೆಸರಲ್ಲಿ ಶುರುವಾದ ಈ ಸೇವೆ ಇವತ್ತು ನಾಲ್ಕು ಕೋಟಿಗೂ ಹೆಚ್ಚು ಮನೆಗಳಲ್ಲಿದೆ ಅನ್ನೋದು ಉದ್ಯಮದ ಅಂದಾಜು. ತಿಂಗಳ ಬಾಡಿಗೆ ಕಟ್ಟಲಾಗದವರ, ಕಟ್ಟಲು ಒಪ್ಪದವರ ಟಿವಿ ಇದು. ಟವರ್‌ಗಳು ಹೆಚ್ಚುತ್ತಿರೋದೂ ಇದೇ ಹಳ್ಳಿಗಳಲ್ಲಿ.

ಜಗಳ ಆಕಾಶದಲ್ಲಲ್ಲ, ಕೇಬಲ್‌ನಲ್ಲಿ

ಮನೆ ಮೇಲಿನ ಸಣ್ಣ ಡಿಶ್‌ಗೆ ಉಪಗ್ರಹದಿಂದ ಬರೋದು ಕೆಯು ಬ್ಯಾಂಡ್ ಸಿಗ್ನಲ್, ಅಂದರೆ 11,000 ಮೆಗಾಹರ್ಟ್ಸ್ ಆಸುಪಾಸಿನದ್ದು. ಮೊಬೈಲ್ ಟವರ್ ಅದರ ಹತ್ತಿರಕ್ಕೂ ಹೋಗೋದಿಲ್ಲ. ಹಾಗಿದ್ದರೆ ತೊಂದರೆ ಎಲ್ಲಿಂದ?

ಅಷ್ಟು ದೊಡ್ಡ ಫ್ರೀಕ್ವೆನ್ಸಿಯನ್ನು ಸಾದಾ ಕೇಬಲ್‌ನಲ್ಲಿ ಕಳಿಸೋಕಾಗಲ್ಲ. ಅದಕ್ಕೇ ಡಿಶ್‌ನ ಮೂತಿಯಲ್ಲಿರುವ ಎಲ್‌ಎನ್‌ಬಿ ಅದನ್ನು ಇಳಿಸಿ, 950ರಿಂದ 2,150 ಮೆಗಾಹರ್ಟ್ಸ್ ನಡುವೆ ತಂದು ಕೇಬಲ್‌ಗೆ ಬಿಡುತ್ತದೆ. ಉದಾಹರಣೆಗೆ ಉಪಗ್ರಹದ ಸಿಗ್ನಲ್ 11,590 ಅಂತಿಟ್ಟುಕೊಳ್ಳಿ. ಎಲ್‌ಎನ್‌ಬಿ ಅದರಲ್ಲಿ 9,750 ಕಳೆಯುತ್ತದೆ. ಉಳಿಯೋದು 1,840. ನಮ್ಮಲ್ಲಿ 4ಜಿಗೆ ಬಳಕೆಯಾಗುವ ಮುಖ್ಯ ಬ್ಯಾಂಡ್‌ಗಳಲ್ಲಿ ಒಂದಾದ 1800ರಲ್ಲಿ ಟವರ್ ಪ್ರಸಾರ ಮಾಡೋದು 1,805ರಿಂದ 1,880ರವರೆಗೆ. ಲೆಕ್ಕ ಸರಿಯಾಗಿ ಕೂತಿತಲ್ಲ?

36,000 ಕಿಲೋಮೀಟರ್ ದೂರದಿಂದ ಬಂದು, ಎಲ್‌ಎನ್‌ಬಿ ಹಿಗ್ಗಿಸಿ ಕೊಟ್ಟ ಸಿಗ್ನಲ್ ಕೇಬಲ್ ಒಳಗೆ ಹರೀತಿರುತ್ತದೆ. ಇನ್ನೂರು ಮುನ್ನೂರು ಮೀಟರ್ ಆಚೆಯ ಟವರ್ ಹೊರಗಿನಿಂದ ಅದೇ ಫ್ರೀಕ್ವೆನ್ಸಿಯಲ್ಲಿ ಜೋರಾಗಿ ಕೂಗ್ತಿರುತ್ತದೆ. ಕೇಬಲ್‌ನ ಲೋಹದ ಹೆಣಿಗೆ ದಟ್ಟವಾಗಿದ್ದರೆ ಆ ಕೂಗು ಒಳಗೆ ಬರಲ್ಲ. ಹೆಣಿಗೆ ತೆಳುವಾಗಿದ್ದರೆ, ಕನೆಕ್ಟರ್ ಸಡಿಲವಾಗಿದ್ದರೆ, ನಡುವೆ ತಿರುಚಿ ಟೇಪ್ ಸುತ್ತಿದ ಜಾಯಿಂಟ್ ಇದ್ದರೆ ಕೇಬಲ್ಲೇ ಆಂಟೆನಾ ಆಗಿಬಿಡುತ್ತದೆ. ಆಗ ಆ ಫ್ರೀಕ್ವೆನ್ಸಿಗೆ ಇಳಿದ ಚಾನೆಲ್‌ಗಳು ಮಾತ್ರ ಒಡೆಯುತ್ತವೆ, ಉಳಿದವಕ್ಕೆ ಏನೂ ಆಗಲ್ಲ. ಸಂಜೆ ಊರೆಲ್ಲ ಮೊಬೈಲ್ ಹಿಡಿದಾಗ ಟವರ್‌ನ ಕೆಲಸ ಹೆಚ್ಚಾಗತ್ತೆ, ಕಾಟವೂ ಹೆಚ್ಚಾಗತ್ತೆ.

ಯುರೋಪಿನಲ್ಲಿ ಇದು ಹಳೇ ಕಥೆ. ಅಲ್ಲಿ ಮನೆಯೊಳಗಿನ ಕಾರ್ಡ್‌ಲೆಸ್ ಫೋನುಗಳು 1,880ರಿಂದ 1,900ರಲ್ಲಿ ಕೆಲಸ ಮಾಡುತ್ತವೆ. ಕಳಪೆ ಕೇಬಲ್ ಇದ್ದ ಮನೆಗಳಲ್ಲಿ ಅವೇ ಉಪಗ್ರಹ ಚಾನೆಲ್‌ಗಳನ್ನು ಕೆಡಿಸುತ್ತಿದ್ದವು.

ಫಿಲ್ಟರ್ ಯಾವಾಗ ಉಪಯೋಗ?

ಮೊದಲು ರೋಗ ಗುರುತಿಸಿ. ಬಾಕ್ಸ್‌ನ ಸೆಟ್ಟಿಂಗ್‌ನಲ್ಲಿ ಸ್ಟ್ರೆಂತ್, ಕ್ವಾಲಿಟಿ ಅಂತ ಎರಡು ಪಟ್ಟಿ ಇರುತ್ತವೆ. ಸ್ಟ್ರೆಂತ್ ಚೆನ್ನಾಗಿದ್ದೂ ಕೆಲವೇ ಚಾನೆಲ್‌ಗಳಲ್ಲಿ ಕ್ವಾಲಿಟಿ ಬಿದ್ದರೆ, ಅದೂ ಒಣ ಹವೆಯಲ್ಲಿ, ಡಿಶ್ ತಿರುಗಿಸಿ ಪ್ರಯೋಜನ ಇಲ್ಲ. ಒಂದು ಒಳ್ಳೆ ಕೇಬಲ್ಲನ್ನು ಕಿಟಕಿಯಿಂದ ನೇರ ಎಳೆದು ನೋಡಿ. ಚಿತ್ರ ಸರಿಹೋದರೆ ಉತ್ತರ ಸಿಕ್ಕಿತು.

ಇಲ್ಲಿ 4ಜಿ ಫಿಲ್ಟರ್ ಅಂತ ಮಾರೋದನ್ನು ತಂದು ಹಾಕಬೇಡಿ. ಕಾಟ ಕೊಡೋದೂ ಚಾನೆಲ್ಲೂ ಒಂದೇ ಫ್ರೀಕ್ವೆನ್ಸಿಯಲ್ಲಿರುವಾಗ ಫಿಲ್ಟರ್ ಎರಡನ್ನೂ ಕತ್ತರಿಸುತ್ತದೆ. ದಾರಿ ಇರೋದು ಮುಚ್ಚೋದರಲ್ಲಿ: ದಟ್ಟ ಹೆಣಿಗೆಯ, ನಡುವೆ ಜಾಯಿಂಟ್ ಇಲ್ಲದ ಒಂದೇ ಕೇಬಲ್, ಬಿಗಿಯಾಗಿ ಒತ್ತಿದ ಕನೆಕ್ಟರ್, ಲೋಹದ ಕವಚದ ಎಲ್‌ಎನ್‌ಬಿ. ಸಾಧ್ಯವಿದ್ದರೆ ಡಿಶ್ ಮತ್ತು ಟವರ್ ನಡುವೆ ಮನೆಯ ಗೋಡೆ ಬರುವಂತೆ ಜಾಗ ಬದಲಿಸಿ. ಮಾವನ ಮನೆಯಲ್ಲಿ ಅಟ್ಟದ ಮೇಲಿದ್ದ ಮೂರು ಜಾಯಿಂಟ್ ತೆಗೆದು ಹೊಸ ಕೇಬಲ್ ಎಳೆದೆವು. ಖರ್ಚು ಸಾವಿರದ ಚಿಲ್ಲರೆ. ಅದಕ್ಕಿಂತ ಜಾಸ್ತಿ ಬಾಕ್ಸ್‌ಗಳಿಗೆ ಹೋಗಿತ್ತು.

ದೊಡ್ಡ ಡಿಶ್‌ಗಳ ಕಥೆ ಬೇರೆ. ಕೇಬಲ್ ಆಪರೇಟರುಗಳ ಹತ್ತಿರ, ಕೆಲವು ಹಳೇ ಮನೆಗಳ ಮೇಲೆ ಇರುವ ಆರೆಂಟು ಅಡಿಯ ಡಿಶ್ ಹಿಡಿಯೋದು ಸಿ ಬ್ಯಾಂಡ್, ಮುಖ್ಯವಾಗಿ 3,700ರಿಂದ 4,200 ಮೆಗಾಹರ್ಟ್ಸ್. ಅದರ ಪಕ್ಕದಲ್ಲೇ 5ಜಿ ಬಂದು ಕೂತಿದೆ, 3,300ರಿಂದ 3,670ರಲ್ಲಿ. ಹಳೇ ಎಲ್‌ಎನ್‌ಬಿಗಳು 3,400ರಿಂದಲೇ ಬಾಯಿ ತೆರೆದುಕೊಂಡಿರೋದರಿಂದ 5ಜಿಯ ಅಬ್ಬರಕ್ಕೆ ಅವು ಕಿವುಡಾಗಿ, ಒಂದೆರಡಲ್ಲ, ಅಷ್ಟೂ ಚಾನೆಲ್ ಹೋಗಬಹುದು. ಇಲ್ಲಿ ಫ್ರೀಕ್ವೆನ್ಸಿ ಬೇರೆ ಬೇರೆ ಆದ್ದರಿಂದ ಫಿಲ್ಟರ್ ಕೆಲಸ ಮಾಡುತ್ತದೆ. ಆದರೆ ಅದನ್ನು ಎಲ್‌ಎನ್‌ಬಿಗಿಂತ ಮುಂಚೆ, ಡಿಶ್‌ನ ಮೂತಿಯಲ್ಲೇ ಕೂರಿಸಬೇಕು. ಆಮೇಲೆ ಹಾಕಿದರೆ ನೆರೆ ಒಳಗೆ ನುಗ್ಗಿದ ಮೇಲೆ ಬಾಗಿಲು ಹಾಕಿದಂತೆ.

ಯಾರಿಗೆ ರಕ್ಷಣೆ, ಯಾರಿಗಿಲ್ಲ

2022ರ ಆಗಸ್ಟ್ 1ಕ್ಕೆ ಮುಗಿದ ಹರಾಜಿನಲ್ಲಿ ಕೇಂದ್ರ ಸರ್ಕಾರ 1,50,173 ಕೋಟಿ ರೂಪಾಯಿ ಮೌಲ್ಯದ ತರಂಗಾಂತರ ಮಾರಿತು. ಅದೇ ವರ್ಷ ನವೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ ಒಂದು ಸೂಚನೆ ಕೊಟ್ಟಿತು: ವಿಮಾನ ನಿಲ್ದಾಣದ ರನ್‌ವೇ ತುದಿಗಳಿಂದ 2,100 ಮೀಟರ್, ನಡುಗೆರೆಯಿಂದ 910 ಮೀಟರ್ ಒಳಗೆ ಈ ಬ್ಯಾಂಡ್‌ನ 5ಜಿ ಬೇಡ. ವಿಮಾನದ ಎತ್ತರ ಅಳೆಯುವ ಉಪಕರಣ 4,200ರಿಂದ 4,400ರಲ್ಲಿ ಕೆಲಸ ಮಾಡುತ್ತದೆ, ಅದಕ್ಕೆ ತೊಂದರೆ ಆಗಬಾರದು ಅಂತ. ಜೀವದ ಪ್ರಶ್ನೆ, ಸರಿಯಾದ ನಿರ್ಧಾರ. ಆದರೆ ಗಮನಿಸಿ, ಆ ಉಪಕರಣ 5ಜಿಯಿಂದ 530 ಮೆಗಾಹರ್ಟ್ಸ್ ದೂರದಲ್ಲಿದೆ. ಟಿವಿ ಸಿಗ್ನಲ್ ಇರೋದು 30 ಮೆಗಾಹರ್ಟ್ಸ್ ದೂರದಲ್ಲಿ.

ಅಮೆರಿಕದಲ್ಲಿ ಸಿ ಬ್ಯಾಂಡ್‌ನ ಒಂದು ಭಾಗವನ್ನೇ ಮೊಬೈಲ್‌ಗೆ ಕೊಟ್ಟಾಗ ಹರಾಜಿನಲ್ಲಿ 81 ಬಿಲಿಯನ್ ಡಾಲರ್ ಆಸುಪಾಸು ಬಂತು. ಬೇಗ ಜಾಗ ಖಾಲಿ ಮಾಡಿದ್ದಕ್ಕೆ ಉಪಗ್ರಹ ಕಂಪನಿಗಳಿಗೆ 9.7 ಬಿಲಿಯನ್ ಡಾಲರ್‌ವರೆಗೆ ನಿಗದಿಯಾಯ್ತು. ನೋಂದಾಯಿತ ಡಿಶ್‌ಗಳಿಗೆ ಫಿಲ್ಟರ್ ಖರ್ಚೂ ಸಿಕ್ಕಿತು, ಹಣ ಕೊಟ್ಟವರು ತರಂಗಾಂತರ ಕೊಂಡ ಮೊಬೈಲ್ ಕಂಪನಿಗಳು. ನೋಂದಾಯಿಸದ ಮನೆ ಡಿಶ್‌ಗಳಿಗೆ ಅಲ್ಲೂ ಏನೂ ಸಿಗಲಿಲ್ಲ. ಆದರೂ ಲಾಭ ಪಡೆದವರು ಖರ್ಚು ಕೊಡಬೇಕು ಅನ್ನೋ ತತ್ವವನ್ನಾದರೂ ಅಲ್ಲಿ ಒಪ್ಪಿಕೊಂಡರು.

ನಿಜ ಹೇಳಬೇಕಂದರೆ ಮಾವನ ಮನೆಯ ವಿಷಯದಲ್ಲಿ ತಪ್ಪು ಟವರ್‌ನದ್ದಲ್ಲ. ಅದು ತನಗೆ ಕೊಟ್ಟ ಜಾಗದಲ್ಲೇ ಪ್ರಸಾರ ಮಾಡ್ತಿದೆ. ಸೋರ್ತಿರೋದು ಕೇಬಲ್. ಆದರೆ ಆ ಕೇಬಲ್ ಪೇಟೆಗೆ ಬಂದದ್ದು ಹೇಗೆ? ಅದರ ಶೀಲ್ಡಿಂಗ್ ಎಷ್ಟು ಅಂತ ಹಳ್ಳಿ ಅಂಗಡಿಯಲ್ಲಿ ಕೇಳಿ ನೋಡಿ, ಮೀಟರ್‌ಗೆ ಎಷ್ಟು ರೂಪಾಯಿ ಅನ್ನೋದು ಮಾತ್ರ ಗೊತ್ತಿರುತ್ತದೆ.

ಇಲಾಖೆ 2017ರಲ್ಲಿ ‘ತರಂಗ್ ಸಂಚಾರ್’ ಅಂತ ಪೋರ್ಟಲ್ ಮಾಡಿತು. ಹತ್ತಿರದ ಟವರ್ ಯಾವುದು ಅಂತ ಅದರಲ್ಲಿ ನೋಡಬಹುದು, 4,000 ರೂಪಾಯಿ ಕಟ್ಟಿದರೆ ವಿಕಿರಣ ಅಳೆಸಬಹುದು. ಅದು ಮೈಮೇಲೆ ಬೀಳುವ ವಿಕಿರಣದ ಲೆಕ್ಕ. ಟಿವಿ ಯಾಕೆ ಕೆಟ್ಟಿತು ಅನ್ನೋ ಪ್ರಶ್ನೆಗೆ ಅಲ್ಲಿ ಜಾಗ ಇಲ್ಲ. ಅದೇ ಪೋರ್ಟಲ್‌ಗೆ ಈ ದೂರಿನದ್ದೂ ಒಂದು ಕಾಲಂ ಸೇರಿಸೋದು ದೊಡ್ಡ ಖರ್ಚಿನ ಕೆಲಸವಲ್ಲ. ಕೇಬಲ್, ಎಲ್‌ಎನ್‌ಬಿಗಳ ಮೇಲೆ ಶೀಲ್ಡಿಂಗ್ ಪ್ರಮಾಣ ಬರೆಯೋದು ಕಡ್ಡಾಯವಾಗಲಿ. ಹೊಸ ಟವರ್ ಚಾಲೂ ಮಾಡುವಾಗ ಪಂಚಾಯ್ತಿ ನೋಟಿಸ್ ಬೋರ್ಡ್‌ನಲ್ಲಿ ನಾಲ್ಕು ಸಾಲು ಹಾಕಲಿ: ಟಿವಿಗೆ ಹೀಗಾದರೆ ಮೊದಲು ಕೇಬಲ್ ನೋಡಿ, ಬಾಕ್ಸ್ ಬದಲಾಯಿಸಬೇಡಿ. ಆ ನಾಲ್ಕು ಸಾಲು ಇದ್ದಿದ್ದರೆ ಮಾವನ ಮನೆಯ ಎರಡು ಬಾಕ್ಸ್‌ನ ದುಡ್ಡು ಉಳೀತಿತ್ತು.