ಎರಡೂ ಕೀಲಿ ಒಂದ ಗೊಂಚಲಾಗ ಯಾಕ್ರಿ?

ಕಾರಿನ ಎರಡನೇ ಕೀಲಿ ಎಲ್ಲೆದ ಅಂತ ಯಾರ ಮನ್ಯಾಗರ ಕೇಳಿ ನೋಡ್ರಿ. ಒಂದೋ ಮೊದಲನೇ ಕೀಲಿ ಜೋಡೀನ ಅದ, ಇಲ್ಲಾ ಕಾರಿನ ಒಳಗ ಅದ! ನನಗ ಖರೇನ ಸಿಟ್ಟು ಬರ್ತದ.

ಹೋದ ಶ್ರಾವಣದಾಗ ನಮ್ಮ ಅಕ್ಕನ ಮನಿಯವರು ಎರಡೂ ಕೀಲಿ ಇದ್ದ ಗೊಂಚಲಾ ಬಸ್ಸಿನ್ಯಾಗ ಕಳಕೊಂಡ್ರು. "ಅದಕ್ಕೇನ, ಬಜಾರದಾಗ ಐದ ನಿಮಿಷದಾಗ ಮಾಡಿಕೊಡ್ತಾರ" ಅಂದ್ರು ಭಾವ. ಟ್ರಂಕಿನ ಕೀಲಿ ಆಗಿದ್ರ ಮಾಡಿಕೊಡ್ತಿದ್ರು. ಈಗಿನ ಕಾರಿನ ಕೀಲಿ ತಲ್ಯಾಗ ಸಣ್ಣ ಚಿಪ್ ಇರ್ತದ. ಅದಕ್ಕ ಸೆಲ್ಲೂ ಬೇಕಾಗಂಗಿಲ್ಲ. ಕೀಲಿ ತಿರುವೋ ತೂತಿನ ಸುತ್ತ ಇರೋ ತಂತಿ ಸುರುಳಿಯಿಂದನ ಕರೆಂಟ್ ತಗೊಂಡು ತನ್ನ ಗುರುತು ಹೇಳ್ತದ. ಗುರುತು ಹತ್ತಲಿಲ್ಲಂದ್ರ ಇಂಜಿನ್ ಚಾಲೂ ಆಗಂಗಿಲ್ಲ. ಜರ್ಮನಿ, ಇಂಗ್ಲಂಡಿನ್ಯಾಗ 1998ರಿಂದ ಹೊಸ ಕಾರಿಗೆ ಇದು ಕಡ್ಡಾಯ.

ಒಂದು ಕೀಲಿ ಉಳದಿದ್ರ ಅದನ್ನ ತೋರಿಸಿ ಇನ್ನೊಂದನ್ನ ಕಾರಿಗೆ ಪರಿಚಯ ಮಾಡಸೋದು ಹಗುರ. ಒಂದೂ ಇಲ್ಲಂದ್ರ ಕಾರಿಗೆ ನೀವೂ ಒಂದ, ಕಳ್ಳನೂ ಒಂದ. ಕಂಪನಿಯಿಂದ ಗುಪ್ತ ಕೋಡ್ ತರಸಬೇಕು, ಇಲ್ಲಾ ಗಾಡಿ ಕಂಪ್ಯೂಟರ್ ಬಿಚ್ಚಿ ಓದಬೇಕು. ಹೊಸ ಕೀಲಿಗೆ ಕಾರಿನ ಮುಂದನ ಪಾಠ ಆಗಬೇಕು, ಅಂದಮ್ಯಾಲೆ ಗಾಡಿ ಎತ್ತಿ ಒಯ್ಯೋ ಖರ್ಚು ಬ್ಯಾರೆ. ಭಾವನ ಕಾರು 11 ದಿನ ಮನಿ ಮುಂದ ನಿಂತ್ತು. ಆ 11 ದಿನ ಅಕ್ಕನ ಅತ್ತಿಯವರು ಡಯಾಲಿಸಿಸ್ಸಿಗೆ ಆಟೋದಾಗ ಹೋಗಿ ಬಂದ್ರು, ಮಳ್ಯಾಗ.

ಆದ್ರ ಭಾವಗ ಭಾಳ ಸಿಟ್ಟು ಬಂದದ್ದು "ಆರ್‌ಸಿ ತೋರಸ್ರಿ, ಆಧಾರ್ ತೋರಸ್ರಿ" ಅಂದದ್ದಕ್ಕ. ಆರ್‌ಸಿ ಲಾಕ್ ಆದ ಕಾರಿನ ಒಳಗ! (ಡಿಜಿಲಾಕರಿನ್ಯಾಗ ಇತ್ತು, ಪುಣ್ಯಾ.) ಇಲ್ಲೆ ಮಾತ್ರ ನಾ ಭಾವನ ಪಕ್ಷ ಅಲ್ಲ. ಏನೂ ಕೇಳದ ಕೀಲಿ ಮಾಡಿಕೊಡಾಂವ ನಾಳೆ ಮತ್ತೊಬ್ಬಗೂ ನಿಮ್ಮ ಕಾರಿಂದ ಮಾಡಿಕೊಡ್ತಾನ. ಕಾಗದ ಕೇಳಾಂವನ ಹತ್ರನ ಹೋಗ್ರಿ. ಹೋಗಿ, ಕಳದ ಕೀಲಿಗಳ ಗುರುತು ಗಾಡಿಯಿಂದ ಅಳಸಸ್ರಿ. ಆಮ್ಯಾಲೆ ಅವು ಸಿಕ್ಕಾಂವಗ ಇಂಜಿನ್ ಚಾಲೂ ಮಾಡಾಕ ಬರಂಗಿಲ್ಲ. ಬಾಗಲಾ ತಗಿಯಾಕ ಮಾತ್ರ ಬರ್ತದ, ಅದಕ್ಕ ಲಾಕೂ ಬದಲಿಸಬೇಕು.

ನನ್ನ ತಕರಾರು ಮಾರೋರ ಮ್ಯಾಲೆ. ಗಾಡಿ ಕೊಡೋ ದಿನ ಹಾರಾ ಹಾಕಿ, ಪೇಢೆ ಕೊಟ್ಟು, ಫೋಟೋ ತಗೀತಾರ. ಎರಡೂ ಕೀಲಿ ಒಂದ ರಿಂಗಿನ್ಯಾಗ ಹಾಕಿ ಕೈಯಾಗ ಇಡ್ತಾರ. "ಇವನ್ನ ಬ್ಯಾರೆ ಬ್ಯಾರೆ ಇಡ್ರಿ, ಈ ನಂಬರಿನ ಬಿಲ್ಲೆ ಒಗೀಬ್ಯಾಡ್ರಿ, ಇದನ್ನ ನೋಡೇ ಕೀಲಿ ಕಡೀತಾರ" ಅಂತ ಒಂದು ಮಾತು ಹೇಳಿದ್ರ ಗಂಟು ಹೋಗ್ತದೇನು?

ನಮ್ಮ ಎರಡನೇ ಕೀಲಿ ತಂಗಿ ಮನ್ಯಾಗ ಅದ, ಅಡಗಿ ಮನಿ ಡಬ್ಬಿಯೊಳಗ. ಯಾವ ಡಬ್ಬಿ ಅಂತ ಹೇಳಂಗಿಲ್ಲ.